ತೊವ್ವೆಯ ಬೇಳೆ ಬೇಯದಿದ್ದರೆ: ಕಾಸರಗೋಡಿನ ಅಡುಗೆಮನೆಗೊಂದು ದೋಷ ನಿವಾರಣೆ ಕೈಪಿಡಿ

ತೊವ್ವೆ ಕೆಟ್ಟಾಗ ಮೊದಲ ಬೈಗುಳ ಕುಕ್ಕರಿಗೆ, ಎರಡನೆಯದು ಗ್ಯಾಸಿಗೆ, ಮೂರನೆಯದು ಅಡುಗೆ ಮಾಡಿದವರಿಗೆ ಬೀಳುತ್ತದೆ. ಹೆಚ್ಚಿನ ಸಲ ಮೂವರೂ ನಿರಪರಾಧಿಗಳು. ತೊಗರಿಬೇಳೆ ಬೇಯದಿದ್ದರೆ ವಿಚಾರಿಸಬೇಕಾದದ್ದು ಬೇಳೆಯ ವಯಸ್ಸನ್ನು, ಕೊಡದಲ್ಲಿರುವ ನೀರನ್ನು, ಹೊತ್ತಿಗೆ ಮೊದಲೇ ಬಿದ್ದ ಹುಳಿಯನ್ನು. ಈ ಮೂರನ್ನೂ ನೋಡಿಯಾದ ಮೇಲೆ ಕುಕ್ಕರಿನ ಸರದಿ. ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಐದು ಸೀಟಿಗೆ ಬೇಯಲಿಲ್ಲವೆಂದು ಎಂಟು, ಎಂಟಕ್ಕೂ ಆಗಲಿಲ್ಲವೆಂದು ಹೊಸ ಗ್ಯಾಸ್ಕೆಟ್, ಆಮೇಲೆ ಒಂದು ಚಿಟಿಕೆ ಸೋಡಾ. ಇಷ್ಟಾದರೂ ಬೇಳೆ ತಟ್ಟೆಯಲ್ಲಿ ಅನ್ನದ ಪಕ್ಕ ಎಣಿಸುವಂತೆ ನಿಂತಿರುತ್ತದೆ.

ಇಲ್ಲಿ ತೊವ್ವೆ ಎಂದರೆ ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕದ ಕಡೆಯ ಕನ್ನಡ ಮನೆಗಳಲ್ಲಿ ಮಾಡುವ ಸರಳ ತೊವ್ವೆ. ಬೇಳೆಯನ್ನು ಬೇಯಿಸಿ ಮಸೆದು, ಸೀಳಿದ ಹಸಿಮೆಣಸು, ಶುಂಠಿ, ಉಪ್ಪು ಹಾಕಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಕೆಲವರು ಸೌತೆಕಾಯಿ ಹೋಳು ಸೇರಿಸುತ್ತಾರೆ. ಕೊಂಕಣಿ ಮನೆಗಳ ದಾಳಿತೊಯ್ ಇದರ ಹತ್ತಿರದ ನೆಂಟ. ಇಲ್ಲಿನ ಪರೀಕ್ಷೆಗಳು ಅದಕ್ಕೂ ಸಲ್ಲುತ್ತವೆ. ನಾಲ್ಕು ಮಂದಿಗೆ ಸುಮಾರು 150 ಗ್ರಾಂ ಬೇಳೆ, ಅಳತೆಯಲ್ಲಿ ಬೇಳೆಯ ಮೂರು ಪಟ್ಟು ನೀರು, ಕಾಲು ಚಮಚ ಅರಿಸಿನ, ನಾಲ್ಕು ಹನಿ ತೆಂಗಿನೆಣ್ಣೆ. ಇಷ್ಟನ್ನು ಕುಕ್ಕರಿನಲ್ಲಿ ಇಟ್ಟು ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಿಟ್ಟರೆ ಸಾಮಾನ್ಯ ಬೇಳೆ ಸೌಟಿನ ಒಂದು ತಿರುವಿಗೆ ಕರಗಬೇಕು. ಕರಗಲಿಲ್ಲವಾದರೆ ಮುಂದೆ ಓದಿ.

ಮೊದಲು ಒಂದು ಬೇಳೆಯನ್ನು ಒತ್ತಿ ನೋಡಿ

ಕುಕ್ಕರನ್ನು ಮತ್ತೆ ಒಲೆಗೇರಿಸುವ ಅವಸರ ಬೇಡ. ಒಂದು ಬೇಳೆಯನ್ನು ತೆಗೆದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ. ದೋಷ ಯಾವ ಕಡೆಯದೆಂದು ಅದೇ ಅರ್ಧ ಹೇಳಿಬಿಡುತ್ತದೆ.

ಹೊರಗೆ ಮೆತ್ತಗಾಗಿ ನಡುವೆ ಮಾತ್ರ ಬಿಳಿಯ ಹಿಟ್ಟಿನಂಥ ತಿರುಳು ಉಳಿದಿದ್ದರೆ ಬೇಳೆಗೂ ನೀರಿಗೂ ದೋಷವಿಲ್ಲ. ಬೆಂದ ಹೊತ್ತು ಸಾಲದು, ಅಷ್ಟೆ. ಇನ್ನೊಂದು ಲೋಟ ಬಿಸಿನೀರು ಹಾಕಿ ಐದು ನಿಮಿಷ ಬೇಯಿಸಿ, ಈ ಬರಹವನ್ನು ಅಲ್ಲಿಗೇ ಬಿಡಬಹುದು.

ಕೆಲವು ಬೇಳೆ ಪೂರ್ತಿ ಕರಗಿ, ಕೆಲವು ಆಕಾರ ಬಿಡದೆ ಉಳಿದಿದ್ದರೆ ಅದು ಎರಡು ರಾಶಿಯ ಬೇಳೆ. ಹಳೆಯದನ್ನೂ ಹೊಸದನ್ನೂ ಬೆರೆಸಿ ತುಂಬಿದ ಚೀಲದಿಂದ ಬಂದಿರಬಹುದು, ಇಲ್ಲವೆ ಡಬ್ಬಿಯ ತಳದಲ್ಲಿ ಉಳಿದಿದ್ದ ಹಳತಿನ ಮೇಲೆ ಹೊಸತನ್ನು ಸುರಿದದ್ದೂ ಆಗಿರಬಹುದು. ಎರಡನೆಯದು ನಾವೆಲ್ಲ ಬಲ್ಲ ಅಭ್ಯಾಸ.

ಎಲ್ಲ ಬೇಳೆಯೂ ಒಂದೇ ರೀತಿ ಇದ್ದು, ಒತ್ತಿದರೆ ಚಪ್ಪಟೆಯಾಗುತ್ತದೆ, ಬಾಯಲ್ಲಿ ಹಸಿ ಎನಿಸುವುದಿಲ್ಲ, ಆದರೂ ಸೌಟಿಗೆ ಕರಗುವುದಿಲ್ಲ, ಅಂಚು ಬಿಡುವುದಿಲ್ಲ ಎಂದಾದರೆ ಅದು ಸಮಯದ ಕೊರತೆಯಲ್ಲ. ಇನ್ನೆಷ್ಟು ಸೀಟಿ ಹಾಕಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ನೀರು, ಹುಳಿ ಅಥವಾ ಹಳೆಯ ಬೇಳೆ, ಈ ಮೂರರಲ್ಲಿ ಒಂದು ಅಥವಾ ಎರಡು ಕೈಗೂಡಿಸಿವೆ.

ಹೀಗೇಕೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದಿನ ಮದ್ದುಗಳು ತಾವಾಗಿ ಹೊಳೆಯುತ್ತವೆ. ಬೇಳೆಯ ಒಳಗಿನ ಜೀವಕೋಶಗಳು ಪೆಕ್ಟಿನ್ ಎಂಬ ಅಂಟಿನಿಂದ ಒಂದಕ್ಕೊಂದು ಕೂಡಿಕೊಂಡಿವೆ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯಲ್ಲಿ ಕಲ್ಲುಗಳ ನಡುವೆ ಗಾರೆ ಇದ್ದಂತೆ. ಬೇಯುವುದೆಂದರೆ ಕಲ್ಲು ಮೆತ್ತಗಾಗುವುದಷ್ಟೇ ಅಲ್ಲ, ಗಾರೆ ಕರಗಿ ಗೋಡೆ ಕುಸಿಯುವುದೂ ಹೌದು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆ ಗಾರೆಯನ್ನು ಬಿಗಿಗೊಳಿಸುತ್ತವೆ. ಹುಳಿ ಅದನ್ನು ಕರಗಗೊಡುವುದಿಲ್ಲ. ಕ್ಷಾರ ಸಡಿಲಿಸುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಕೂಡ ಸಡಿಲಿಸುವ ಪಕ್ಷದ್ದೇ. ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ತೊವ್ವೆಗೆ ಹಾಕುವ ಪ್ರಮಾಣದ ಉಪ್ಪಿನ ಮೇಲೆ ಆ ಆರೋಪ ನಿಲ್ಲುವುದಿಲ್ಲ. ಹುಳಿ ಮಾಡಿದ ತಪ್ಪಿಗೆ ಉಪ್ಪು ಶಿಕ್ಷೆ ಅನುಭವಿಸುತ್ತಿದೆ.

ಮೂರು ಲೋಟದ ಪರೀಕ್ಷೆ

ಒಂದೇ ಸಲಕ್ಕೆ ಬೇಳೆಯನ್ನೂ ಬದಲಿಸಿ, ನೀರನ್ನೂ ಬದಲಿಸಿ, ಕುಕ್ಕರನ್ನೂ ರಿಪೇರಿ ಮಾಡಿಸಿದರೆ ತೊವ್ವೆ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ರಗಳೆ. ಅದಕ್ಕೆ ಈ ಪರೀಕ್ಷೆ.

ಒಂದೇ ಅಳತೆಯ ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಎರಡು ಚಮಚ ತೊಳೆದ ಬೇಳೆ, ಅದರ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು. ಮೊದಲನೆಯದರಲ್ಲಿ ನಿಮ್ಮದೇ ಬೇಳೆ, ನಿಮ್ಮದೇ ನೀರು. ಎರಡನೆಯದರಲ್ಲಿ ನಿಮ್ಮ ಬೇಳೆ, ಬೇರೆ ನೀರು. ಮೂರನೆಯದರಲ್ಲಿ ಬೇರೆ ಬೇಳೆ, ನಿಮ್ಮ ನೀರು. ಬೇರೆ ನೀರಿಗೆ ಗುಡ್ಡ ಕೊರೆದು ತೆಗೆದ ಸುರಂಗದ ನೀರು ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಬಾಟಲಿ ನೀರು ಸಾಕು. ಬೇರೆ ಬೇಳೆಯನ್ನು ನೆರೆಮನೆಯವರಿಂದ ಕೇಳಿ ತನ್ನಿ, ಅವರ ಮನೆಯಲ್ಲಿ ಚೆನ್ನಾಗಿ ಬೇಯುತ್ತಿರುವ ಬೇಳೆಯೇ ಆಗಿರಲಿ. ಉಪ್ಪು, ಅರಿಸಿನ, ಎಣ್ಣೆ ಏನೂ ಬೇಡ. ಕುಕ್ಕರಿನ ತಳದಲ್ಲಿ ಎರಡು ಬೆರಳು ನೀರು ಹಾಕಿ ಮೂರೂ ಲೋಟಗಳನ್ನು ಒಟ್ಟಿಗೆ ಇಟ್ಟು, ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಲೋಟದೊಳಗೆ ಬೇಯುವುದು ನಿಧಾನ, ಅದಕ್ಕೇ ಹೆಚ್ಚಿನ ಹೊತ್ತು. ಮೂರಕ್ಕೂ ಒಂದೇ ಉರಿ, ಒಂದೇ ಒತ್ತಡ, ಒಂದೇ ಸಮಯ ಸಿಕ್ಕಿರುವುದರಿಂದ ಮೂರರ ನಡುವಿನ ವ್ಯತ್ಯಾಸಕ್ಕೆ ಕುಕ್ಕರನ್ನು ದೂರುವಂತಿಲ್ಲ.

ಎರಡನೆಯ ಲೋಟ ಮಾತ್ರ ಬೆಂದಿದ್ದರೆ ದೋಷ ನೀರಿನದು. ಮೂರನೆಯದು ಮಾತ್ರ ಬೆಂದಿದ್ದರೆ ಬೇಳೆಯದು. ಎರಡನೆಯದೂ ಮೂರನೆಯದೂ ಬೆಂದು ಮೊದಲನೆಯದು ಮಾತ್ರ ಉಳಿದರೆ ಬೇಳೆ ಸ್ವಲ್ಪ ಹಳತು, ನೀರು ಸ್ವಲ್ಪ ಗಡಸು. ಒಂದೊಂದೇ ಇದ್ದಿದ್ದರೆ ಹೇಗೋ ಸಾಗುತ್ತಿತ್ತು, ಎರಡೂ ಸೇರಿ ಕೆಡಿಸಿವೆ. ಮೂರೂ ಚೆನ್ನಾಗಿ ಬೆಂದಿದ್ದರೆ ತಪ್ಪು ನೀವು ದಿನವೂ ಬೇಳೆಯ ಜೊತೆಗೆ ಹಾಕುತ್ತಿರುವ ಯಾವುದೋ ಪದಾರ್ಥದಲ್ಲಿದೆ, ಬಹುತೇಕ ಹುಳಿಯಲ್ಲಿ. ಮೂರೂ ಬೇಯದಿದ್ದರೆ ಆಗ ಕುಕ್ಕರನ್ನು ಅನುಮಾನಿಸಿ.

ನೀರು

ಕಾಸರಗೋಡು ನೀರಿನ ವಿಷಯದಲ್ಲಿ ವಿಚಿತ್ರ ಜಿಲ್ಲೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಮಾರ್ಚ್ ಕಳೆಯುವಷ್ಟರಲ್ಲಿ ಗುಡ್ಡದ ಮನೆಗಳಲ್ಲಿ ಕೊಡ ಹಿಡಿದು ಓಡಾಟ ಶುರುವಾಗುತ್ತದೆ. ಒಂದೇ ಮನೆಯಲ್ಲಿ ವರ್ಷದ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ನೀರು ಅಡುಗೆಗೆ ಬರುತ್ತದೆ. ಡಿಸೆಂಬರಿನಲ್ಲಿ ಬಾವಿ ನೀರಿನಲ್ಲಿ ಬೆಂದ ಬೇಳೆ ಏಪ್ರಿಲಿನಲ್ಲಿ ಬೇಯದಿದ್ದರೆ ಬೇಳೆಯನ್ನು ಬೈಯುವ ಮೊದಲು ಈಗ ನಲ್ಲಿಯಲ್ಲಿ ಬರುತ್ತಿರುವುದು ಯಾವ ನೀರೆಂದು ಕೇಳಿ.

ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಡ್ಡ ಕೊರೆದು ತೆಗೆದ ಸುರಂಗಗಳ ನೀರು ಸಾಮಾನ್ಯವಾಗಿ ಮೃದು. ಮುರಕಲ್ಲಿನೊಳಗೆ ಬಸಿದು ಬರುವ ಮಳೆನೀರಿಗೆ ಸುಣ್ಣದಂಶ ಸಿಗುವುದು ಕಡಿಮೆ. ತೆರೆದ ಬಾವಿಯದೂ ಹೀಗೆಯೇ. ಮುರಕಲ್ಲಿನ ಬಾವಿ ನೀರು ಸ್ವಲ್ಪ ಆಮ್ಲೀಯವಾಗಿರುವುದುಂಟು, ಆದರೆ ಹುಣಸೆಯ ಮುಂದೆ ಆ ಆಮ್ಲ ಲೆಕ್ಕಕ್ಕಿಲ್ಲ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ಮರುದಿನ ತೊವ್ವೆಗೆ ಔಷಧದ ವಾಸನೆ ಬರಬಹುದು, ಬೇಯುವುದಕ್ಕೆ ಅದರಿಂದ ಅಡ್ಡಿಯಿಲ್ಲ.

ಕೊಳವೆಬಾವಿಯ ಕತೆ ಬೇರೆ. ಆಳದ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೆಲವೆಡೆ ಕಬ್ಬಿಣವನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿಯ ಪದರ ಕಟ್ಟುತ್ತಿದ್ದರೆ ಅದು ಗಡಸು ನೀರು. ಕರಾವಳಿಯ ಅಂಚಿನಲ್ಲಿ, ಉಪ್ಪಳ, ಮೊಗ್ರಾಲಿನಂಥ ಕಡೆ ಹೊಳೆಬಾಯಿಯ ಹತ್ತಿರದ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ಏರುವುದುಂಟು. ಸಮುದ್ರದ ನೀರಿನಲ್ಲಿ ಉಪ್ಪಿನ ಜೊತೆಗೆ ಮೆಗ್ನೀಸಿಯಮ್ಮೂ ಧಾರಾಳವಾಗಿದೆ. ನಾಲಿಗೆಗೆ ಸಪ್ಪೆಯೆನಿಸಿದರೂ ಬೇಳೆಗೆ ಅದು ಗೊತ್ತಾಗುತ್ತದೆ.

ಮನೆಯಲ್ಲೇ ನೋಡಬೇಕಾದರೆ ಸಾಬೂನಿನ ಪರೀಕ್ಷೆ ಸಾಕು. ಮುಚ್ಚಳವಿರುವ ಎರಡು ಬಾಟಲಿಗಳಲ್ಲಿ ಅರ್ಧರ್ಧ ನೀರು, ಒಂದರಲ್ಲಿ ಮಳೆನೀರು ಅಥವಾ ಬಾಟಲಿ ನೀರು, ಇನ್ನೊಂದರಲ್ಲಿ ನಿಮ್ಮ ನೀರು. ಎರಡಕ್ಕೂ ತುರಿದ ಬಾರ್ ಸಾಬೂನನ್ನು ಒಂದೇ ಅಳತೆಯಲ್ಲಿ ಹಾಕಿ ಕುಲುಕಿ. ಮೃದು ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಬೇಗ ಸತ್ತು ಮೇಲೆ ಬಿಳಿ ಕೆನೆ ತೇಲುತ್ತದೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಈ ಪರೀಕ್ಷೆಗೆ ಆಗದು, ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ. ಅಂಕಿಯೇ ಬೇಕೆಂದರೆ ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು, ಬೇರೆ ನೀರಿಲ್ಲದ ಕಡೆ 600ರವರೆಗೆ ಸಹಿಸಬಹುದು. 500 ಎಂದು ವರದಿ ಬಂದರೆ ಕುಡಿಯಲು ಅಡ್ಡಿಯಿಲ್ಲ ಎಂದು ಅಲ್ಲಿ ಬರೆದಿರಬಹುದು. ಬೇಳೆ ಆ ಮಾನಕವನ್ನು ಓದಿಲ್ಲ.

ಪರಿಹಾರ: ಬೇಳೆ ಬೇಯಿಸಲು ಮಾತ್ರ ಬೇರೆ ನೀರು ಬಳಸಿ. ಒಂದು ಹೊತ್ತಿನ ತೊವ್ವೆಗೆ ಬೇಕಾಗುವುದು ಅರ್ಧ ಮುಕ್ಕಾಲು ಲೀಟರ್. ತೊಳೆಯಲು ಯಾವ ನೀರಾದರೂ ಆದೀತು, ಬೆಂದ ಮೇಲೆ ತೆಳು ಮಾಡಲು ಸಹ. ನೆನೆಸುವುದು ಮತ್ತು ಬೇಯಿಸುವುದು ಮಾತ್ರ ಮೃದು ನೀರಿನಲ್ಲಿ ನಡೆಯಲಿ. ಬೇರೆ ನೀರೇ ಇಲ್ಲವೆಂದಾದರೆ ಕೊಳವೆಬಾವಿಯ ನೀರನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಬೈಕಾರ್ಬೊನೇಟಿನ ಗಡಸುತನ ತಳಕ್ಕೆ ಕೂರುತ್ತದೆ. ಉಪ್ಪುನೀರು ಏರಿದ ಬಾವಿಗೆ ಈ ಉಪಾಯ ನಡೆಯುವುದಿಲ್ಲ, ಕುದಿಸಿದಷ್ಟೂ ಅದು ಗಟ್ಟಿಯಾಗುತ್ತದೆ.

ಬೇಳೆ

ನಮ್ಮ ಜಿಲ್ಲೆಯಲ್ಲಿ ತೆಂಗು, ಅಡಿಕೆ, ಗೇರು ಬೆಳೆಯುತ್ತದೆ. ತೊಗರಿ ಘಟ್ಟದ ಮೇಲಿನ ಒಣನಾಡಿನ ಬೆಳೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿಯ ತೊಗರಿಬೇಳೆ ಹೆಸರಾದದ್ದು. ಮಯನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಬರುವ ತೊಗರಿಯೂ ದೇಶದ ಮಾರುಕಟ್ಟೆಯಲ್ಲಿದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯ ಹೊತ್ತಿಗೆ ಕೊಯ್ಲಾಗುತ್ತದೆ. ಅಂದರೆ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತಿಗೆ) ನೀವು ಕೊಳ್ಳುವ ಬೇಳೆಗೆ ಕಡಿಮೆಯೆಂದರೂ ಆರೇಳು ತಿಂಗಳ ವಯಸ್ಸು. ಪೊಟ್ಟಣದ ಮೇಲೆ ಅಚ್ಚಾದ ತಾರೀಕು ಪೊಟ್ಟಣ ಕಟ್ಟಿದ್ದರದ್ದು, ಕೊಯ್ದದ್ದರದಲ್ಲ.

ವಯಸ್ಸಾದರೆ ಬೇಳೆ ಒಣಗಿ ಗಟ್ಟಿಯಾಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ನಡೆಯುವುದು ಬೇರೆ. ಬೇಳೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಫೈಟಿಕ್ ಆಮ್ಲ ಎಂಬ ವಸ್ತು ಹಿಡಿದಿಟ್ಟುಕೊಂಡಿರುತ್ತದೆ. ಸೆಕೆ ಮತ್ತು ತೇವ ಎರಡೂ ಇರುವ ಜಾಗದಲ್ಲಿ ಬೇಳೆ ತಿಂಗಳುಗಟ್ಟಲೆ ಕುಳಿತರೆ ಅದು ಮೆಲ್ಲನೆ ಒಡೆಯುತ್ತದೆ, ಬಿಡುಗಡೆಯಾದ ಕ್ಯಾಲ್ಸಿಯಂ ಹೋಗಿ ಪೆಕ್ಟಿನ್ನಿಗೆ ಅಂಟಿಕೊಳ್ಳುತ್ತದೆ. ಅಂಥ ಬೇಳೆ ತನ್ನ ಗಡಸು ನೀರನ್ನು ಒಳಗೇ ಹೊತ್ತು ಬಂದಿರುತ್ತದೆ, ಸುರಂಗದ ನೀರು ಸುರಿದರೂ ಪೂರ್ತಿ ಬಗ್ಗುವುದಿಲ್ಲ. ಸೆಕೆ, ತೇವ ಎರಡಕ್ಕೂ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಣಿಚೀಲದಲ್ಲಿ ತೆರೆದಿಟ್ಟ ಬೇಳೆ ಇಲ್ಲಿ ಬೇಗ ಮುದಿಯಾಗುತ್ತದೆ. ಆಮೇಲೆ ಬಿಸಿಲಿಗೆ ಹಾಕಿದರೆ ತೇವ ಹೋದೀತು, ಕುಟ್ಟೆಯ ಕಾಟ ಕಡಿಮೆಯಾದೀತು, ಆದರೆ ಒಳಗೆ ಆದ ಬದಲಾವಣೆ ಹಿಂದಕ್ಕೆ ಬರುವುದಿಲ್ಲ. ಬೇಸಗೆಯಲ್ಲಿ ಬೇಯದ ತೊವ್ವೆಗೆ ಮೊದಲು ನೀರನ್ನೂ, ಮಳೆಗಾಲದಲ್ಲಿ ಬೇಯದ್ದಕ್ಕೆ ಮೊದಲು ಬೇಳೆಯನ್ನೂ ಅನುಮಾನಿಸುವುದು ಇದಕ್ಕೇ.

ಕೈಯಲ್ಲಿರುವುದು ಹಳೆಯ ಬೇಳೆಯೆಂದು ಲೋಟದ ಪರೀಕ್ಷೆ ಹೇಳಿದರೆ ಎಸೆಯಬೇಕಾಗಿಲ್ಲ. ಲೀಟರ್ ನೀರಿಗೆ ಒಂದು ಚಮಚ ಉಪ್ಪು ಕದಡಿ, ಬಿಸಿ ಬಿಸಿ ನೀರಿನಲ್ಲಿ ಎರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಸೋಡಿಯಂ ಒಳಗಿನ ಕ್ಯಾಲ್ಸಿಯಮ್ಮಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ಆಕ್ರಮಿಸುತ್ತದೆ. ಸೆಕೆಯ ದಿನಗಳಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊರಗೆ ನೆನೆಯಬಿಟ್ಟರೆ ಹುಳಿ ವಾಸನೆ ಬರಲು ಶುರುವಾಗುತ್ತದೆ.

ಸೋಡಾದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಡುಗೆ ಸೋಡಾ ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಬೇಳೆಯಲ್ಲಿರುವ ಥಯಮಿನ್ ಅಂದರೆ ಬಿ1 ಜೀವಸತ್ವವನ್ನು ಕ್ಷಾರ ಹಾಳು ಮಾಡುತ್ತದೆ, ಸ್ವಲ್ಪ ಹೆಚ್ಚಾದರೂ ತೊವ್ವೆಗೆ ಸಾಬೂನಿನ ರುಚಿ ಬರುತ್ತದೆ. ಹಳದಿಯಾಗಿರಬೇಕಾದ ತೊವ್ವೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೂ ಸೋಡಾ ಕಾರಣ, ಅರಿಸಿನ ಕ್ಷಾರದಲ್ಲಿ ಕೆಂಪಾಗುತ್ತದೆ. ದಿನನಿತ್ಯದ ಅಡುಗೆಗೆ ನಾನು ಸೋಡಾವನ್ನು ಒಪ್ಪುವುದಿಲ್ಲ. ನೆಂಟರು ಬಾಗಿಲಲ್ಲಿ ನಿಂತಿರುವಾಗ ಬೇಳೆ ಬಗ್ಗದಿದ್ದರೆ ಉಗುರಿನ ತುದಿಯಷ್ಟು ಹಾಕಿ, ಯಾರಿಗೂ ಹೇಳಬೇಡಿ.

ಇನ್ನೊಂದು ಸಣ್ಣ ಸಂಗತಿ. ಪೊಟ್ಟಣದ ಮೇಲೆ ಮಲಯಾಳದಲ್ಲಿ ಪರಿಪ್ಪು ಎಂದಷ್ಟೇ ಓದಿ ತಂದರೆ ಅದು ತುವರ ಪರಿಪ್ಪೇ ಆಗಿರಬೇಕೆಂದಿಲ್ಲ, ಕಡಲ ಪರಿಪ್ಪೂ ಆಗಿರಬಹುದು. ಕಡಲೆಬೇಳೆ ದಪ್ಪ, ಮೈ ಸುಕ್ಕು, ಬೇಯಲು ತೊಗರಿಗಿಂತ ಹೆಚ್ಚು ಹೊತ್ತು ಬೇಕು, ಬೆಂದರೂ ತೊಗರಿಯಂತೆ ಕರಗುವುದಿಲ್ಲ. ಪೇಟೆಯಲ್ಲಿ ಹೊಸದಾಗಿ ಮನೆ ಹೂಡಿದ ಮಕ್ಕಳು ಫೋನಿನಲ್ಲಿ ಬೇಳೆ ಬೇಯುತ್ತಿಲ್ಲ ಎಂದರೆ ಮೊದಲು ಬೇಳೆಯ ಫೋಟೊ ಕಳಿಸಲು ಹೇಳಿ. ತೊಳೆದ ನೀರು ಬೆಳ್ಳಗೆ ಕದಡಿದರೆ ಸರಿ. ಕಡು ಹಳದಿ ಬಣ್ಣ ಬಿಟ್ಟರೆ ಅದಕ್ಕೆ ಬಣ್ಣ ಹಾಕಿದ್ದಾರೆ, ಬೆಂದರೂ ತಿನ್ನಬೇಡಿ.

ಹುಳಿ

ತೊವ್ವೆಗೆ ಹುಳಿ ಬೇಕೇ ಬೇಡವೇ ಎಂಬುದು ಮನೆಮನೆಯ ಜಗಳ, ಅದಕ್ಕೆ ನಾನು ಬರುವುದಿಲ್ಲ. ಹಾಕುವವರು ಯಾವಾಗ ಹಾಕುತ್ತಾರೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಒಂದೇ ಸಲಕ್ಕೆ ಮುಗಿಯಲಿ ಎಂದು ಟೊಮೆಟೊ, ಮಾವಿನಕಾಯಿ, ಅಂಬಟೆ, ಬಿಂಬುಳಿ, ದಾರೆಹುಳಿ ಯಾವುದನ್ನಾದರೂ ಹಸಿ ಬೇಳೆಯ ಜೊತೆಗೆ ಕುಕ್ಕರಿಗೆ ತುಂಬಿದರೆ ಬೇಳೆ ಅರ್ಧದಲ್ಲೇ ನಿಲ್ಲುತ್ತದೆ. ಇವುಗಳಲ್ಲಿ ಟೊಮೆಟೊ ಸೌಮ್ಯ, ಹೊಸ ಬೇಳೆಯಾದರೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಬಿಂಬುಳಿ ಎರಡು ಬಿದ್ದರೂ ಸಾಕು, ಬೇಳೆ ಮೊಂಡು ಹಿಡಿಯುತ್ತದೆ. ಹುಣಸೆರಸ, ಪುನರ್ಪುಳಿ, ಹುಳಿ ಮಜ್ಜಿಗೆ ಎಲ್ಲಕ್ಕೂ ಇದೇ ಮಾತು. ಬೆಲ್ಲವನ್ನೂ ಕೊನೆಗೇ ಹಾಕಿ, ಅದರಲ್ಲೂ ಕ್ಯಾಲ್ಸಿಯಂ ಇದೆ.

ಮಾವಿನಕಾಯಿ ಬರುವುದು ಬಾವಿ ಬತ್ತುವ ಕಾಲಕ್ಕೇ. ಏಪ್ರಿಲಿನಲ್ಲಿ ಕೊಳವೆಬಾವಿ ನೀರು, ಬೇಳೆ, ಮಾವಿನಕಾಯಿ ಮೂರನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದ ಮನೆಯ ತೊವ್ವೆಯನ್ನು ಯಾವ ಸೀಟಿಯೂ ಕಾಪಾಡಲಾರದು.

ಬೇಳೆ ಪೂರ್ತಿ ಬೆಂದು ಮಸೆದಾದ ಮೇಲೆ ಹುಳಿ ಹಾಕಿ. ಒಂದೇ ಗ್ಯಾಸಿನಲ್ಲಿ ಮುಗಿಸಬೇಕೆಂದರೆ ಹುಳಿ ಹೋಳುಗಳನ್ನು ಬೇರೆ ಬಟ್ಟಲಲ್ಲಿಟ್ಟು ಬೇಳೆಯ ಪಾತ್ರೆಯ ಮೇಲೆ ಇಡಿ. ಸೌತೆಕಾಯಿ, ಬಸಳೆಗೆ ಹುಳಿಯ ಭಯವಿಲ್ಲ, ಆದರೆ ಅವು ಬೇಳೆಗಿಂತ ಬೇಗ ಬೇಯುವುದರಿಂದ ಅವನ್ನೂ ಬೇರೆಯಾಗಿಯೇ ಬೇಯಿಸಿಕೊಳ್ಳುವುದು ಲೇಸು.

ಹುಳಿ ಹಾಕಿ ಕೈಮೀರಿದ ಮೇಲೆ ಏನು ಮಾಡಬೇಕು? ಹುಳಿ ಹೋಳುಗಳನ್ನು ಆರಿಸಿ ತೆಗೆದು, ನೀರು ಬಸಿದು ಬೇರೆ ಇಟ್ಟು, ಬೇಳೆಗೆ ಹೊಸ ಬಿಸಿನೀರು ಹಾಕಿ ಮತ್ತೆ ಬೇಯಿಸಿ. ಬಸಿದ ನೀರನ್ನು ಕೊನೆಗೆ ಸೇರಿಸಿದರಾಯಿತು.

ಕುಕ್ಕರ್

ಮೂರು ಲೋಟವೂ ಬೇಯದಿದ್ದಾಗ ಮಾತ್ರ ಇಲ್ಲಿಗೆ ಬನ್ನಿ. ಮನೆಯ ಸಾಮಾನ್ಯ ಕುಕ್ಕರಿನ ಭಾರದ ಸೀಟಿ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿಗೆ ಏರಿದಾಗ ಮೇಲೇಳುತ್ತದೆ. ಆಗ ಒಳಗಿನ ಉಷ್ಣ ಸುಮಾರು 120 ಡಿಗ್ರಿ. ಬೇಯಿಸುವುದು ಆ ಉಷ್ಣ, ಸೀಟಿಯ ಸದ್ದಲ್ಲ. ದೊಡ್ಡ ಉರಿಯಲ್ಲಿ ನಾಲ್ಕು ನಿಮಿಷಕ್ಕೆ ಐದು ಸೀಟಿ ಹಾಕಿಸಬಹುದು, ಸಣ್ಣ ಉರಿಯಲ್ಲಿ ಹದಿನೈದು ನಿಮಿಷಕ್ಕೆ ಎರಡೇ ಬರಬಹುದು. ಹೆಚ್ಚು ಬೆಂದದ್ದು ಎರಡನೆಯದು. ಗಡಿಯಾರ ನೋಡಿ.

ಬರೀ ನೀರು ಹಾಕಿ ಕುಕ್ಕರನ್ನು ಇಡಿ. ಅಂಚಿನಿಂದ ಹಬೆ ಸೋರುತ್ತಿದ್ದರೆ ಗ್ಯಾಸ್ಕೆಟ್ ಮುಗಿದಿದೆ. ಭಾರದ ಕೆಳಗಿನಿಂದ ನಿರಂತರವಾಗಿ ಹಬೆ ಸುಯ್ಯೆಂದು ಹೋಗುತ್ತಿದ್ದು ಸೀಟಿ ಏಳುತ್ತಿಲ್ಲವಾದರೆ ಭಾರ ಸರಿಯಾಗಿ ಕೂತಿಲ್ಲ, ಅಥವಾ ಹಿಂದಿನ ಬೇಳೆಯ ನೊರೆ ಒಣಗಿ ಅಲ್ಲಿ ಸೇರಿದೆ. ತಣಿದ ಮೇಲೆ ಮುಚ್ಚಳ ತೆಗೆದು ಹಬೆಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿ ಕಾಣಬೇಕು. ಇದು ಅಡುಗೆಯ ಮಾತಷ್ಟೇ ಅಲ್ಲ, ಜೀವದ ಮಾತು: ಕೊಳವೆ ಕಟ್ಟಿದ ಕುಕ್ಕರನ್ನು ಒಲೆಗೆ ಇಡಬಾರದು. ಸುರಕ್ಷಾ ವಾಲ್ವ್ ಒಮ್ಮೆ ಕರಗಿ ಹೋಗಿದ್ದರೆ ಅದೇ ಅಳತೆಯ ಅಸಲಿ ವಾಲ್ವನ್ನೇ ಹಾಕಿಸಿ, ತೂತಿಗೆ ಏನನ್ನೋ ತುರುಕಿ ಸಾಗಿಸಬೇಡಿ.

ಸೀಟಿಯ ಜೊತೆ ಹಳದಿ ನೊರೆ ಗೋಡೆಗೆಲ್ಲ ಹಾರಿದರೆ ಪಾತ್ರೆ ಹೆಚ್ಚು ತುಂಬಿದೆ. ಬೇಳೆ ಉಬ್ಬುತ್ತದೆ, ನೊರೆಯುತ್ತದೆ, ಹಾಗಾಗಿ ಕುಕ್ಕರಿನ ಅರ್ಧ ದಾಟಬಾರದು. ಆ ನಾಲ್ಕು ಹನಿ ತೆಂಗಿನೆಣ್ಣೆ ಇರುವುದೂ ನೊರೆಯನ್ನು ಅಡಗಿಸಲೆಂದೇ.

ಸೌದೆ ಒಲೆಯಲ್ಲಿ ಬೋಗುಣಿಯಿಟ್ಟು ಬೇಯಿಸುವ ಮನೆಗಳು ಇನ್ನೂ ಇವೆ. ಅಲ್ಲಿನ ದೋಷ ಉರಿಯ ಏರುಪೇರು. ತೆಂಗಿನ ಒಣ ಮಡಲು ಭಗ್ಗೆಂದು ಉರಿದು ಆರುತ್ತದೆ, ಗೆರಟೆಯ ಕೆಂಡ ನಿಲ್ಲುತ್ತದೆ. ಕುದಿ ಬರುವವರೆಗೆ ಮಡಲು, ಆಮೇಲೆ ಗೆರಟೆ ಅಥವಾ ದಪ್ಪ ಸೌದೆ. ನಡುವೆ ನೀರು ಕಡಿಮೆಯಾದರೆ ಕುದಿಯುವ ನೀರನ್ನೇ ಹಾಕಿ. ತಣ್ಣೀರು ಸುರಿದರೆ ಕುದಿ ಸತ್ತು, ಮತ್ತೆ ಏಳುವವರೆಗಿನ ಹೊತ್ತು ವ್ಯರ್ಥ. ಮಡಿಕೇರಿಯಲ್ಲಿ ಮನೆ ಮಾಡಿರುವವರು ಊರಿನಲ್ಲಿ ಬೇಯುವಷ್ಟೇ ಹೊತ್ತಿಗೆ ಅಲ್ಲಿ ಬೋಗುಣಿಯಲ್ಲಿ ಬೇಯುವುದಿಲ್ಲ ಎಂದರೆ ಅದು ಸುಳ್ಳಲ್ಲ, ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಸಮುದ್ರದ ಪಕ್ಕದ ನಮಗೆ ಆ ನೆಪ ಇಲ್ಲ.

ಬೆಂದ ಮೇಲಿನ ತೊಂದರೆಗಳು

ಬೇಳೆ ತಳಕ್ಕೆ ಕೂತು ಮೇಲೆ ನೀರು ತೇಲುತ್ತಿದೆ. ಮಸೆದದ್ದು ಸಾಲದು. ನೀರನ್ನು ಬೇರೆ ಬಸಿದುಕೊಂಡು ಬೇಳೆಯನ್ನು ಮೊದಲು ಕಡೆಗೋಲಿನಿಂದ ನುಣ್ಣಗೆ ಕಡೆದು, ಆಮೇಲೆ ಅದೇ ನೀರನ್ನು ಬಿಸಿಯಾಗಿ ಸೇರಿಸಿ ಒಂದು ಕುದಿ ಬರಿಸಿ. ನೀರಿನಲ್ಲಿ ತೇಲುತ್ತಿರುವಾಗ ಕಡೆದರೆ ಬೇಳೆ ಕೋಲಿನಿಂದ ತಪ್ಪಿಸಿಕೊಳ್ಳುತ್ತದೆ.

ಬಡಿಸುವಷ್ಟರಲ್ಲಿ ಗಟ್ಟಿಯಾಯಿತು. ಇದು ದೋಷವಲ್ಲ, ತಣಿಯುವಾಗ ಪಿಷ್ಟ ಹೆಪ್ಪಾಗುವುದು ಅದರ ಗುಣ. ಇಳಿಸುವಾಗಲೇ ಬೇಕಾದದ್ದಕ್ಕಿಂತ ತುಸು ತೆಳ್ಳಗಿರಲಿ.

ತಳ ಹಿಡಿಯಿತು. ಸೌಟು ಆಡಿಸಬೇಡಿ. ಮೇಲಿನದನ್ನು ಮೆಲ್ಲನೆ ಬೇರೆ ಪಾತ್ರೆಗೆ ಬಗ್ಗಿಸಿ, ತಳ ಕೆರೆಯಬೇಡಿ.

ಉಪ್ಪು ಹೆಚ್ಚಾಯಿತು. ಬಟಾಟೆ ಹಾಕಿದರೆ ಉಪ್ಪು ಹೀರುತ್ತದೆ ಎನ್ನುವುದು ನಂಬಿಕೆಯಷ್ಟೇ. ಬಟಾಟೆ ನೀರಿನ ಜೊತೆಗೆ ತನ್ನ ಪಾಲಿನ ಉಪ್ಪನ್ನು ಹೀರುತ್ತದೆ, ಉಳಿದ ತೊವ್ವೆಯ ರುಚಿ ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದೆ ಬೇಯಿಸಿದ ಬೇಳೆಯನ್ನು ಸೇರಿಸುವುದೊಂದೇ ದಾರಿ.

ಕಹಿಯಾಯಿತು. ಬೇಳೆಯಲ್ಲಿ ಹುಡುಕಬೇಡಿ, ಒಗ್ಗರಣೆ ಸೌಟನ್ನು ನೋಡಿ. ಸಾಸಿವೆ ಸಿಡಿಯದೆ ಉಳಿದರೂ ಕಹಿ, ಸಿಡಿದ ಮೇಲೆ ಕರಟಿದರೂ ಕಹಿ. ಎಣ್ಣೆಗೆ ಒಂದು ಸಾಸಿವೆ ಹಾಕಿ, ಅದು ಸಿಡಿದ ಮೇಲೆ ಉಳಿದದ್ದನ್ನು ಹಾಕಿ. ಚಟಪಟ ಕಡಿಮೆಯಾಗುವಾಗ ಒಣಮೆಣಸು, ಉರಿ ಆರಿಸಿ ಇಂಗು, ಕೊನೆಗೆ ಕರಿಬೇವು. ಬೆಳ್ಳುಳ್ಳಿ ಹಾಕುವ ಮನೆಯಾದರೆ ಅದನ್ನು ಮೊದಲೇ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ತೆಗೆದಿಡಿ, ಸಾಸಿವೆಯ ಬಿಸಿಗೆ ಅದು ನಿಮಿಷದಲ್ಲಿ ಕಪ್ಪಾಗುತ್ತದೆ. ಇಂಗು ಹಾಕಿದರೂ ಪರಿಮಳವಿಲ್ಲದಿದ್ದರೆ ಡಬ್ಬಿಯ ಹಿಂಬದಿ ಓದಿ. ನಾವು ಕೊಳ್ಳುವ ಪುಡಿ ಇಂಗಿನಲ್ಲಿ ಹೆಚ್ಚಿನ ಪಾಲು ಹಿಟ್ಟು ಮತ್ತು ಗೋಂದು. ಗಟ್ಟಿ ಇಂಗನ್ನು ನೀರಿನಲ್ಲಿ ಕದಡಿ ಕುದಿಯುವ ತೊವ್ವೆಗೇ ಹಾಕಿದರೆ ವಾಸನೆ ನಿಲ್ಲುತ್ತದೆ.

ಸಂಜೆಗೆ ಹಳಸಿತು. ಸೆಕೆಯ ದಿನಗಳಲ್ಲಿ ಮಧ್ಯಾಹ್ನದ ತೊವ್ವೆಯನ್ನು ಮುಚ್ಚಿ ಹೊರಗಿಟ್ಟರೆ ಆಗುವುದೇ ಹೀಗೆ, ತೆಂಗಿನಕಾಯಿ ಅರೆದು ಹಾಕಿದ್ದರೆ ಇನ್ನೂ ಬೇಗ. ಉಳಿಯುತ್ತದೆ ಎಂದು ಗೊತ್ತಿದ್ದರೆ ಊಟದ ಹೊತ್ತಿಗೇ ಬೇರೆ ಪಾತ್ರೆಗೆ ತೆಗೆದು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಚೆನ್ನಾಗಿ ಕುದಿಸಿ ಬಡಿಸಿ. ಮೇಲೆ ಗುಳ್ಳೆ ಕಟ್ಟಿದ್ದರೆ, ಸೌಟಿನಿಂದ ಎತ್ತಿದಾಗ ನೂಲಿನಂತೆ ಎಳೆ ಬಂದರೆ ಕುದಿಸಿ ಉಳಿಸುವ ಪ್ರಯತ್ನ ಬೇಡ, ತೆಂಗಿನ ಬುಡಕ್ಕೆ ಸುರಿಯಿರಿ.